ಬಾಲ ಹೋಯಿತು, ಗಂಜಿ ಬಂತು

ಕೇಳುಗರಿಗೆ ನಮಸ್ಕಾರ. ಮೈಮೇಲೆ ಒಂದೆಳೆ ನೂಲೂ ಇಲ್ಲದವನನ್ನು ಇಂಗ್ಲಿಷಿನವರು ‘ಸ್ಟಾರ್ಕ್ ನೇಕೆಡ್’ ಎನ್ನುತ್ತಾರೆ. ನೇಕೆಡ್ ಎಂದರೆ ಬೆತ್ತಲೆ, ಅದು ಗೊತ್ತು. ಅದರ ಪಕ್ಕದಲ್ಲಿ ಬಂದು ನಿಂತ ಈ ಸ್ಟಾರ್ಕ್ ಯಾರು?

ಸ್ಟಾರ್ಕ್ ಎಂದರೆ ಮೂಲದಲ್ಲಿ ಗಟ್ಟಿಯಾದದ್ದು, ಸೆಟೆದು ನಿಂತದ್ದು. ಪಂಚೆಗೆ ಹಾಕುವ ಗಂಜಿ ಇದೆಯಲ್ಲ, ಆ ಸ್ಟಾರ್ಚ್ ಕೂಡ ಇದೇ ಮನೆತನದ್ದು. ಬಟ್ಟೆಯೇ ಇಲ್ಲದವನಿಗೆ ಗಂಜಿಯ ನೆಂಟಸ್ತಿಕೆ! ಎಲ್ಲೋ ಎಡವಟ್ಟಾಗಿದೆ ಎಂದು ಅನುಮಾನ ಬರಬೇಕಾದದ್ದೇ.

ಎಡವಟ್ಟು ಆಗಿರುವುದು ನಿಜ. 13ನೆಯ ಶತಮಾನದ ಬರಹಗಳಲ್ಲಿ ಈ ಜೋಡುಪದ ‘ಸ್ಟಾರ್ಟ್ ನೇಕೆಡ್’ ಎಂದಿತ್ತು. ಇದು ಬಸ್ಸನ್ನು ಸ್ಟಾರ್ಟ್ ಮಾಡುತ್ತೇವಲ್ಲ, ಆ ಅರ್ಥದ ಸ್ಟಾರ್ಟ್ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಬಾಲಕ್ಕಿದ್ದ ಹೆಸರು. ಡಚ್ಚರು ಈಗಲೂ ಬಾಲವನ್ನು ಹಾಗೆಯೇ ಕರೆಯುತ್ತಾರೆ. ಮನುಷ್ಯನಿಗೆ ಬಾಲ ಎಲ್ಲಿಯದು ಎನ್ನಬೇಡಿ. ಬಾಲ ಇರಬೇಕಾಗಿದ್ದ ಜಾಗವೂ ಕಾಣುವಷ್ಟು ಬೆತ್ತಲೆ ಎಂದು ತಾತ್ಪರ್ಯ.

ಆ ಬಾಲವನ್ನು ಕಣ್ಣಾರೆ ನೋಡಬೇಕೆ? ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೂ ಬ್ಲ್ಯಾಕ್ ರೆಡ್‌ಸ್ಟಾರ್ಟ್ ಎಂಬ ಪುಟ್ಟ ಹಕ್ಕಿ ವಲಸೆ ಬರುತ್ತದೆ. ಕಲ್ಲಿನ ಮೇಲೋ ಬೇಲಿಯ ಮೇಲೋ ಕುಳಿತು, ತಲೆ ಬಾಗಿಸಿ, ಇಟ್ಟಿಗೆ ಬಣ್ಣದ ಬಾಲವನ್ನು ಗಡಗಡನೆ ನಡುಗಿಸುತ್ತದೆ. ರೆಡ್‌ಸ್ಟಾರ್ಟ್ ಎಂದರೆ ಕೆಂಬಾಲ, ಅಷ್ಟೇ. ಇಂಗ್ಲೆಂಡಿನ ಡೆವನ್ ಕರಾವಳಿಯಲ್ಲಿ ಕಡಲೊಳಗೆ ಚಾಚಿಕೊಂಡಿರುವ ‘ಸ್ಟಾರ್ಟ್ ಪಾಯಿಂಟ್’ ಎಂಬ ಭೂಶಿರಕ್ಕೂ ಇದೇ ಬಾಲದ ಹೆಸರು.

ಹಕ್ಕಿಯಲ್ಲೂ ಊರಿನಲ್ಲೂ ಉಳಿದ ಈ ಪದ ಮಾತಿನಲ್ಲಿ ಸವೆದುಹೋಯಿತು. ಅರ್ಥ ಮರೆತವರ ಕಿವಿಗೆ ಸ್ಟಾರ್ಟ್ ಎಂಬುದು ಸ್ಟಾರ್ಕ್ ಎಂದು ಕೇಳಿಸಿರಬೇಕು. ‘ಸ್ಟಾರ್ಕ್ ಮ್ಯಾಡ್’ ಎಂದರೆ ಪೂರಾ ಹುಚ್ಚು. ಹಾಗಾದರೆ ಇದು ಪೂರಾ ಬೆತ್ತಲೆ! 16ನೆಯ ಶತಮಾನದ ಹೊತ್ತಿಗೆ ಹೊಸ ರೂಪವೇ ಬರಹಕ್ಕೂ ಇಳಿಯಿತು. ನಾವಾದರೂ ‘ತುತ್ತತುದಿ’ ಎನ್ನುವಾಗ ಆ ತುತ್ತ ಏನೆಂದು ಕೇಳುತ್ತೇವೆಯೆ? ತುದಿಯೇ ಎರಡು ಸಲ ಬಂದು ಹಾಗಾದದ್ದು. ಅನ್ನದ ತುತ್ತಿಗೂ ಅದಕ್ಕೂ ಸಂಬಂಧವಿಲ್ಲ.

ನನಗೆ ಹೆಚ್ಚು ಮೋಜೆನಿಸುವುದು ಮುಂದಿನ ಕಥೆ. ಬೆತ್ತಲೆಯ ಸಹವಾಸದಲ್ಲಿ ಇದ್ದು ಇದ್ದು ಸ್ಟಾರ್ಕ್ ಪದಕ್ಕೂ ‘ಬರಿದಾದ, ಬೋಳಾದ’ ಎಂಬ ಅರ್ಥ ಅಂಟಿಕೊಂಡಿತು. ಇತ್ತ ಅಮೆರಿಕದಲ್ಲಿ ‘ಬಕ್ ನೇಕೆಡ್’ ಎಂಬ ಇನ್ನೊಂದು ಜೋಡುಪದವಿದೆ. ಕಳೆದ ಶತಮಾನದಲ್ಲಿ ಜನ ಅದನ್ನು ‘ಬಟ್ ನೇಕೆಡ್’ ಎಂದೂ ಹೇಳತೊಡಗಿದರು. ಬಟ್ ಎಂದರೆ ಪೃಷ್ಠ. ಇಂಗ್ಲಿಷಿನವರು ಕಳೆದುಕೊಂಡ ಜಾಗವನ್ನು ಅಮೆರಿಕದವರು, ಗೊತ್ತಿಲ್ಲದೆಯೇ, ಹುಡುಕಿಕೊಟ್ಟರು.