ಹೆವಿ ಮೆಟಲ್ ಹುಟ್ಟಿದ್ದು ತುಂಡಾದ ಬೆರಳಿನಿಂದಲಾ?

[ಮೇಜಿನ ಮೇಲೆ ಹಾರ್ಮೋನಿಯಂ. ಹಿಂದೆ ಗೋಡೆಗೆ ಒರಗಿಸಿದ ಗಿಟಾರ್.]

ನಮಸ್ಕಾರ. ಕಳೆದ ವಿಡಿಯೋದಲ್ಲಿ ನಾನು ಒಂದೇ ಒಂದು ಮಾತು ಹೇಳಿದ್ದೆ. ಹೆವಿ ಮೆಟಲ್ ಅನ್ನೋ ಭಾರದ ಸದ್ದಿನ ರಾಕ್ ಸಂಗೀತ ಶುರು ಮಾಡಿದ್ದು ಬ್ಲ್ಯಾಕ್ ಸಬ್ಬತ್ ಬ್ಯಾಂಡ್ ಅಂತ. ಅಷ್ಟಕ್ಕೇ ಕೆಳಗೆ ಜಗಳ ಹತ್ತಿಕೊಂಡಿತು. ಲೆಡ್ ಝೆಪ್ಪೆಲಿನ್ ಬ್ಯಾಂಡ್ ಕಡೆಯವರು ಒಂದು ಸಾಲು, ಡೀಪ್ ಪರ್ಪಲ್ ಬ್ಯಾಂಡ್ ಕಡೆಯವರು ಇನ್ನೊಂದು ಸಾಲು. ರಾಜ್ ದೊಡ್ಡವರಾ, ವಿಷ್ಣು ದೊಡ್ಡವರಾ ಅಂತ ಟೆಂಟ್ ಮುಂದೆ ಕಾದಾಡುತ್ತಿದ್ದರಲ್ಲ, ಸೇಮ್ ಅದೇ ಥರ. ಅದರ ಮಧ್ಯೆ ಒಬ್ಬರು ಬರೆದ ಸಾಲು ನನ್ನ ತಲೆಯಲ್ಲಿ ಕೂತುಬಿಟ್ಟಿತು: "ಬೆರಳು ತುಂಡಾಗದಿದ್ದರೆ ಮೆಟಲ್ಲೇ ಇರುತ್ತಿರಲಿಲ್ಲ." ಇದು ನಿಜವಾ?

ಮೊದಲು ಬೇಸಿಕ್ಸ್, ಬೇಗ ಮುಗಿಸುತ್ತೇನೆ. ಸಬ್ಬತ್‌ನ ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಗಿಟಾರ್ ಟೋನಿ ಅಯೋಮಿ, ಬೇಸ್ ಗೀಝರ್ ಬಟ್ಲರ್, ಡ್ರಮ್ಸ್ ಬಿಲ್ ವಾರ್ಡ್, ಹಾಡು ಓಝಿ ಓಸ್ಬೋರ್ನ್. ಮೊದಲ ಆಲ್ಬಂ ಬಂದಿದ್ದು 13 ಫೆಬ್ರುವರಿ 1970. ಅಲ್ಲಿಯವರು ಅಪಶಕುನ ಅನ್ನೋ 13ರ ಶುಕ್ರವಾರ ಬೇರೆ. ಆಲ್ಬಂ ಪೂರ್ತಿ ಒಂದೇ ದಿನದಲ್ಲಿ ನುಡಿಸಿ ರೆಕಾರ್ಡ್ ಮಾಡಿದ್ದರು. ಆಯ್ತು, ಬೇಸಿಕ್ಸ್ ಮುಗಿಯಿತು.

[ಅಯೋಮಿ ಕೈಯ ಫೋಟೋ]

ಈಗ ಬೆರಳಿನ ಕಥೆ. ಅಯೋಮಿಗೆ ಆಗ 17 ವರ್ಷ. ತಗಡಿನ ಕಾರ್ಖಾನೆಯಲ್ಲಿ ಕೆಲಸ. ಬ್ಯಾಂಡ್ ಸೇರಿಕೊಂಡು ಯೂರೋಪ್ ಟೂರ್‌ಗೆ ಹೊರಡಬೇಕು, ಅದಕ್ಕೆ ಕೆಲಸ ಬಿಟ್ಟಿದ್ದ. ಅವತ್ತು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ವಾಪಸ್ ಹೋಗಲ್ಲ ಅಂದ. ಅಮ್ಮ ಬಿಡಲಿಲ್ಲ. ಹಿಡಿದ ಕೆಲಸ ಸರಿಯಾಗಿ ಮುಗಿಸಿ ಬಾ ಅಂದರು. ಹೋದ. ಅವತ್ತು ಅವನನ್ನು ನಿಲ್ಲಿಸಿದ್ದು ಬೇರೆಯವರ ಯಂತ್ರದ ಮುಂದೆ, ಅಭ್ಯಾಸವೇ ಇರಲಿಲ್ಲ. ಯಂತ್ರ ಬಲಗೈ ಮೇಲೆ ಬಿತ್ತು. ಮಧ್ಯದ ಬೆರಳು, ಉಂಗುರದ ಬೆರಳು, ಎರಡರ ತುದಿಯೂ ಹೋಯಿತು.

ಬಲಗೈ ತಾನೇ, ಮೀಟೋ ಕೈ, ಏನು ಮಹಾ ಅಂತೀರಾ? ಅಯೋಮಿ ಎಡಚ. ಅವನು ತಂತಿ ಒತ್ತುವುದೇ ಬಲಗೈಯಲ್ಲಿ.

ಇನ್ನು ಗಿಟಾರ್ ಮುಟ್ಟಲ್ಲ ಅಂತ ಕೂತಿದ್ದವನನ್ನು ನೋಡೋಕೆ ಕಾರ್ಖಾನೆಯ ಮ್ಯಾನೇಜರ್ ಒಂದು ರೆಕಾರ್ಡ್ ತಂದರು. ಇಷ್ಟವಿಲ್ಲದೆ ಕೇಳಿದ. ಚೆನ್ನಾಗಿದೆ ಅಂದ. ಆಮೇಲೆ ಮ್ಯಾನೇಜರ್ ಹೇಳಿದರು: ಇದನ್ನು ನುಡಿಸುತ್ತಿರುವವರ ಎಡಗೈಯಲ್ಲಿ ಎರಡು ಬೆರಳು ಸರಿಯಾಗಿ ಕೆಲಸ ಮಾಡಲ್ಲ ಅಂತ. ಅದು ಜ್ಯಾಂಗೋ ರೈನ್‌ಹಾರ್ಟ್, ಜಾಝ್ ಗಿಟಾರಿಸ್ಟ್. 1928ರಲ್ಲಿ ಅವರಿದ್ದ ಬಂಡಿಗೆ ಬೆಂಕಿ ಬಿದ್ದು ಕೈ ಸುಟ್ಟಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲಿ. ಮೆಟಲ್ ಮೇಲೆ ಯಾರ ಪ್ರಭಾವ ಇದೆ ಅಂತ ಕೇಳಿದರೆ ಎಲ್ಲರೂ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತ ಅಂತಾರೆ. ಜ್ಯಾಂಗೋ ನುಡಿಸುತ್ತಿದ್ದ ಪ್ಯಾರಿಸ್ ಕೆಫೆಗಳ ಜಾಝ್ ಅಂತ ಯಾರಾದರೂ ಹೇಳಿದ್ದಾರಾ?

ಅಯೋಮಿ ಪಾತ್ರೆ ತೊಳೆಯೋ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿದ. ಉಂಡೆ ಮಾಡಿದ. ಬಿಸಿ ಕಬ್ಬಿಣದಲ್ಲಿ ತೂತು ಕೊರೆದು ಬೆರಳಿಗೆ ಟೋಪಿ ಮಾಡಿಕೊಂಡ. ತಂತಿ ಜಾರದಿರಲಿ ಅಂತ ಹಳೆ ಜಾಕೆಟ್ಟಿನ ಚರ್ಮ ಅಂಟಿಸಿದ. ಆಗ ಗಿಟಾರಿಗೆ ತೆಳ್ಳನೆ ತಂತಿ ಸಿಗುತ್ತಿರಲಿಲ್ಲ. ಬ್ಯಾಂಜೋ ತಂತಿ ಹಾಕಿಕೊಂಡ.

ಕಥೆ ಸೂಪರ್ ಅಲ್ವಾ? ಇದರ ಮುಂದಕ್ಕೆ ಎಲ್ಲರೂ ಸೇರಿಸುವ ಸಾಲು ಏನೆಂದರೆ, ಬೆರಳು ನೋಯುತ್ತಿತ್ತು, ಅದಕ್ಕೆ ತಂತಿ ಸಡಿಲಿಸಿ ಶ್ರುತಿ ಇಳಿಸಿದ, ಅಲ್ಲಿಂದ ಆ ಭಾರದ ಸದ್ದು ಬಂತು. ಮೆಟಲ್ ಹುಟ್ಟಿತು, ಶುಭಂ.

ಇಲ್ಲೇ ನನಗೆ ತಕರಾರು. ತಾರೀಖು ಕೂಡಿಬರಲ್ಲ. ಆಲ್ಬಂನಲ್ಲಿ ಗಿಟಾರನ್ನು ಮೂರು ಸ್ವರಸ್ಥಾನ ಕೆಳಗಿಳಿಸಿದ್ದು 1971ರಲ್ಲಿ, ಮೂರನೇ ಆಲ್ಬಂಗೆ. ಮೊದಲ ಆಲ್ಬಂನಲ್ಲಿ ಗಿಟಾರ್ ಮಾಮೂಲಿ ಶ್ರುತಿಯಲ್ಲೇ ಇದೆ. ಆದರೂ ಅದರ ಮೊದಲ ಹಾಡು ಕೇಳಿದರೆ ಎದೆ ಮೇಲೆ ಕಲ್ಲು ಹೇರಿದ ಹಾಗಾಗುತ್ತದೆ. ಹಾಗಾದರೆ ಆ ಭಾರ ಎಲ್ಲಿಂದ ಬಂತು?

[ಹಾರ್ಮೋನಿಯಂ ಕಡೆ ತಿರುಗಿ]

ಹಾಡನ್ನೇ ಹಾಕಿದರೆ ನನ್ನ ಚಾನೆಲ್‌ಗೆ ಕಾಪಿರೈಟ್ ಸ್ಟ್ರೈಕ್ ಬೀಳುತ್ತದೆ. ಅದಕ್ಕೆ ಇದು. ಷಡ್ಜ. [ನುಡಿಸಿ] ಮೇಲಿನ ಷಡ್ಜ. [ನುಡಿಸಿ] ಈಗ ಪ್ರತಿ ಮಧ್ಯಮ, ಅಂದರೆ ಪಂಚಮಕ್ಕೆ ಸ್ವಲ್ಪ ಕೆಳಗಿನ ಮ. [ನುಡಿಸಿ, ಹಾಗೇ ಹಿಡಿದು] ಅಷ್ಟೇ. ಆ ಹಾಡಿನ ರಿಫ್‌ನಲ್ಲಿ, ಅಂದರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕಿನಲ್ಲಿ, ಇರೋದು ಇಷ್ಟೇ, ಅದೂ ತುಂಬಾ ನಿಧಾನಕ್ಕೆ.

ಸಂಗೀತ ಕಲಿತವರು ಈಗ ನಗುತ್ತಿರುತ್ತೀರಿ. ಪ್ರತಿ ಮಧ್ಯಮ ನಮ್ಮ ಕಲ್ಯಾಣಿಯ ಜೀವ. ಮದುವೆ ಮನೆಯಲ್ಲಿ ನುಡಿಸೋ ರಾಗ. ಅದೇ ಅಂತರಕ್ಕೆ ಯೂರೋಪಿನಲ್ಲಿ ಸಂಗೀತದೊಳಗಿನ ಸೈತಾನ ಅಂತ ಹೆಸರು! ಚರ್ಚ್ ಇದನ್ನು ನಿಷೇಧಿಸಿತ್ತು, ನುಡಿಸಿದವರನ್ನು ಸುಟ್ಟಿತು ಅಂತೆಲ್ಲ ವಿಡಿಯೋ ಮಾಡುತ್ತಾರೆ. ನಂಬಬೇಡಿ. ಅಂಥ ನಿಷೇಧಕ್ಕೆ ದಾಖಲೆ ಇಲ್ಲ.

ಹಾಗಾದರೆ ಒಂದೇ ಸ್ವರ ಇಲ್ಲಿ ಮಂಗಳ, ಅಲ್ಲಿ ಸೈತಾನ ಆಗಿದ್ದು ಹೇಗೆ? ಕಲ್ಯಾಣಿಯಲ್ಲಿ ಪ್ರತಿ ಮಧ್ಯಮದ ಕೆಳಗೆ ಗಾಂಧಾರ ಇದೆ, ಮೇಲೆ ಪಂಚಮ ಇದೆ. ಅದು ಪಂಚಮದ ಕಡೆ ವಾಲುತ್ತದೆ. [ಗ ಮ ಪ ನುಡಿಸಿ] ಮನಸ್ಸಿಗೆ ಒಂದು ನಿಲ್ದಾಣ ಸಿಕ್ಕಿತು. ಅಯೋಮಿ ಪಂಚಮವನ್ನು ಕೊಡುವುದೇ ಇಲ್ಲ. ಮಧ್ಯಮವನ್ನು ನಡುಗಿಸುತ್ತಾ ನಮ್ಮನ್ನು ಅಲ್ಲೇ ಬಿಟ್ಟುಬಿಡುತ್ತಾನೆ. [ಸ, ಮೇಲಿನ ಸ, ಮ. ನಿಲ್ಲಿಸಿ] ಪಂಚಮ ಬೇಕು ಅನ್ನಿಸುತ್ತಿದೆ ತಾನೇ? ಕೊಡಲ್ಲ.

[ಮತ್ತೆ ನುಡಿಸುತ್ತಾರೆ. ಎಡಿಟರ್ ಧ್ವನಿ: "ಸಾಕು ಸಾರ್."]

ಸರಿ, ಸರಿ. ಆದರೆ ಇದು ಎಲ್ಲಿಂದ ಬಂತು ಅಂತ ಹೇಳಲೇಬೇಕು. ಗೀಝರ್ ಬಟ್ಲರ್‌ಗೆ ಇಂಗ್ಲಿಷ್ ಸಂಗೀತಗಾರ ಹೋಲ್ಸ್ಟ್ ಗ್ರಹಗಳ ಮೇಲೆ ಮಾಡಿದ ಆರ್ಕೆಸ್ಟ್ರಾ ಸಂಗೀತ ಇಷ್ಟ. ಅದರಲ್ಲಿ ಮಂಗಳ ಗ್ರಹದ ಭಾಗವನ್ನು ಬೇಸ್‌ನಲ್ಲಿ ನುಡಿಸುತ್ತಿದ್ದ. ಅದು ಶುರುವಾಗೋದು ಸ, ಪ, ಮ ಅಂತ. ಅದೇ ಪ್ರತಿ ಮಧ್ಯಮ. ಅದು ಕಿವಿಗೆ ಬಿದ್ದ ಮೇಲೆ ಅಯೋಮಿ ಈ ರಿಫ್ ಕಟ್ಟಿದ. ಅಂದರೆ ಬೆರಳಿನಷ್ಟೇ ಪಾಲು ಬೇಸ್ ನುಡಿಸುವವನ ಕಿವಿಗೂ ಸೇರಬೇಕು. ಬೆರಳಿನ ಪಾಲು ಇಲ್ಲ ಅಂತಲ್ಲ. ಹಲವು ಸ್ವರ ಒಟ್ಟಿಗೆ ಸೇರಿದ ದೊಡ್ಡ ಕಾರ್ಡ್ ಹಿಡಿಯೋಕೆ ಕಷ್ಟವಾಗಿ ಎರಡು ಮೂರು ತಂತಿಯಲ್ಲೇ ತುಂಬಿದ ಸದ್ದು ತರಬೇಕಾಯಿತು. ಅದು ದೊಡ್ಡದೇ. ಆದರೆ ಗಾಯದ ಕಥೆ ಹೇಳೋಕೆ ಚೆಂದ ಅಂತ ಇನ್ನು ಮೂವರನ್ನು ಮರೆಯೋದು ನನಗೆ ಸರಿ ಅನ್ನಿಸಲ್ಲ.

ಟೈಮ್ ಆಗುತ್ತಿದೆ, ಉಳಿದಿದ್ದು ಓಡಿಸುತ್ತೇನೆ. ಬಿಲ್ ವಾರ್ಡ್‌ಗೆ ಜಾಝ್ ಡ್ರಮ್ಮರ್ ಜೀನ್ ಕ್ರೂಪಾ ಅಂದರೆ ಪ್ರಾಣ, ಅದಕ್ಕೇ ಆ ಡ್ರಮ್ಸ್‌ನಲ್ಲಿ ಜಾಝ್ ತೂಗಾಟ. ಓಝಿಗೆ ಜೀವನಪೂರ್ತಿ ಬೀಟಲ್ಸ್ ಹುಚ್ಚು, ಹೌದು, ಬೀಟಲ್ಸ್. ಝೆಪ್ಪೆಲಿನ್‌ನವರೇ, ನಿಮ್ಮ ಮೊದಲ ಆಲ್ಬಂ 1969ರ ಜನವರಿಯದು, ವರ್ಷದ ಮೇಲೆ ಮುಂಚೆ, ಒಪ್ಪಿದೆ. ಆದರೆ ಅದು ಜೋರು ಮಾಡಿದ ಬ್ಲೂಸ್. ಪರ್ಪಲ್‌ನವರೇ, ನಿಮ್ಮ ಭಾರಿ ಆಲ್ಬಂ 1970ರ ಜೂನ್, ತಡ. 1964ರಲ್ಲೇ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ಬ್ಲೇಡಿನಲ್ಲಿ ಸ್ಪೀಕರ್ ಸೀಳಿ ಒರಟು ಸದ್ದು ತಂದಿದ್ದ ಅಂತ ಬರೆದ ಪುಣ್ಯಾತ್ಮರೇ, ನಿಮಗೆ ಒಂದು ಪೂರ್ತಿ ವಿಡಿಯೋ ಬಾಕಿ ಇದೆ.

ಇನ್ನು "ಮೆಟಾಲಿಕಾ ಬ್ಯಾಂಡೇ ಎಲ್ಲ" ಅನ್ನುವವರು. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಮುಂದೆ ಕುಣಿದವರು ಜಾಸ್ತಿ ಇದ್ದೀರಿ, ಗೊತ್ತು. 2006ರಲ್ಲಿ ಸಬ್ಬತ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದಾಗ ವೇದಿಕೆ ಹತ್ತಿ ಅವರನ್ನು ಹೊಗಳಿದ್ದು ಯಾರು? ನಿಮ್ಮ ಮೆಟಾಲಿಕಾದವರೇ. ಅವರ ಜೊತೆ ಜಗಳ ಆಡಿ, ನನ್ನ ಜೊತೆ ಅಲ್ಲ.

ನನ್ನ ವೋಟು ಸಬ್ಬತ್‌ಗೇ. ಡೀಪ್ ಪರ್ಪಲ್‌ನ ವಕೀಲರು ಕೆಳಗೆ ವಾದ ಹೂಡಬಹುದು. ತಾರೀಖು ಸಮೇತ ಬನ್ನಿ.