ಎಕರೆಗೆ ಒಂದು ಕಿಲೋ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ರಾಲಿ, ಕ್ಯಾರಿ, ಡರ್ಹಮ್ ಕಡೆ ನಮ್ಮ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳು ಇದ್ದು ಬರುವ ಅಪ್ಪ ಅಮ್ಮಂದಿರು ಸಂಜೆ ವಾಕಿಂಗ್ ಹೋದಾಗ ಬಡಾವಣೆಯ ಮೂಲೆಯಲ್ಲಿ ಒಂದು ಹೊಂಡ ನೋಡಿರುತ್ತಾರೆ. ಅಂಚಿಗೆ ಜೊಂಡು, ನೀರಿನ ನಡುವೆ ಕಾಂಕ್ರೀಟಿನ ತೊಟ್ಟಿಯಂಥದ್ದೊಂದು. ಬಾತುಕೋಳಿಗೆ ಅಂತ ಮಾಡಿದ ಕೊಳ ಇರಬೇಕು ಎಂದುಕೊಂಡು ಫೋಟೊ ತೆಗೆದು ಊರಿಗೂ ಕಳಿಸುತ್ತಾರೆ. ಆದರೆ ಅದನ್ನು ಅಂದಕ್ಕೆ ತೋಡಿದ್ದಲ್ಲ. ಅಂಥ ಏರ್ಪಾಡು ಇಲ್ಲದೆ ಎಷ್ಟೋ ಬಡಾವಣೆಗಳಿಗೆ ಅಲ್ಲಿ ಪರ್ಮಿಷನ್ನೇ ಸಿಗುವುದಿಲ್ಲ.

ಕಾರಣ ತಿಳಿಯಬೇಕಾದರೆ ನೂಸ್ ನದಿಯ ವಿಷಯ ಹೇಳಬೇಕು. ಈ ನದಿಗೆ 1981ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದರು. ಹಿಂದೆ ನಿಂತ ನೀರೇ ಫಾಲ್ಸ್ ಲೇಕ್. ರಾಲಿ ನಗರ ಮುಖ್ಯವಾಗಿ ಕುಡಿಯುವುದು ಈ ನೀರನ್ನೇ. ಅದರ ಮೇಲ್ಗಡೆ ಇರುವುದು ಡರ್ಹಮ್. ಅಂದರೆ ಡರ್ಹಮ್ಮಿನ ಉತ್ತರ ಭಾಗದ ಸೂರು, ರಸ್ತೆ, ಹುಲ್ಲುಹಾಸಿನ ಮೇಲೆ ಬಿದ್ದ ಮಳೆ ನೀರೆಲ್ಲ ರಾಲಿಯವರ ನಲ್ಲಿಯ ದಾರಿ ಹಿಡಿಯುತ್ತದೆ. ಬರುವಾಗ ಹುಲ್ಲಿಗೆ ಹಾಕಿದ ಗೊಬ್ಬರ, ನಾಯಿ ಗಲೀಜು, ಕೊಳೆತ ಎಲೆ ಎಲ್ಲ ಹೊತ್ತು ತರುತ್ತದೆ. ಅದರಲ್ಲಿರುವ ಸಾರಜನಕ ಮತ್ತು ರಂಜಕವನ್ನು ತಿಂದು ಪಾಚಿ ಕೊಬ್ಬುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. 1995ರಲ್ಲಿ ಇದೇ ನದಿಯ ಸಮುದ್ರದ ಕಡೆಯ ತುದಿಯಲ್ಲಿ ಮೀನುಗಳು ಲಕ್ಷಗಟ್ಟಲೆ ಸತ್ತು ತೇಲಿದವು. ಸರ್ಕಾರ ಎಚ್ಚೆತ್ತಿದ್ದು ಆಮೇಲೆಯೇ.

ಫಾಲ್ಸ್ ಲೇಕ್‌ಗೆ ಅಂತಲೇ ಮಾಡಿದ ನಿಯಮ ಜಾರಿಗೆ ಬಂದದ್ದು 2011ರಲ್ಲಿ. ಅದರ ಪ್ರಕಾರ ಹೊಸದಾಗಿ ಕಟ್ಟುವ ಜಾಗದಿಂದ ಎಕರೆಗೆ ವರ್ಷಕ್ಕೆ 2.2 ಪೌಂಡ್‌ಗಿಂತ ಜಾಸ್ತಿ ಸಾರಜನಕ ಹರಿದು ಹೋಗಬಾರದು. ರಂಜಕ 0.33 ಪೌಂಡ್ ದಾಟಬಾರದು. ನಮ್ಮ ಲೆಕ್ಕದಲ್ಲಿ ಒಂದು ಕಿಲೋ ಸಾರಜನಕ, 150 ಗ್ರಾಂ ರಂಜಕ, ಅಷ್ಟೇ. ರೈತರಿಗೆ ಬೇಗ ಅರ್ಥವಾಗುವ ಹಾಗೆ ಹೇಳುತ್ತೇನೆ. 45 ಕಿಲೋ ಯೂರಿಯಾ ಚೀಲದಲ್ಲಿ ಇಪ್ಪತ್ತು ಕಿಲೋ ಚಿಲ್ಲರೆ ಸಾರಜನಕ ಇರುತ್ತದೆ. ಅಂದರೆ ಒಂದು ಚೀಲ ಇಪ್ಪತ್ತು ಎಕರೆಯ ಇಡೀ ವರ್ಷದ ಪಾಲು!

ಇಷ್ಟು ಬಿಗಿಯಾದರೆ ಕಟ್ಟುವವರು ಏನು ಮಾಡುತ್ತಾರೆ? ಒಂದು ದಾರಿ ಆ ಹೊಂಡ. ಅಲ್ಲಿ ನೀರು ನಿಂತು ಮಣ್ಣು ತಳ ಸೇರುತ್ತದೆ, ಮಣ್ಣಿಗೆ ಅಂಟಿದ ರಂಜಕವೂ ಜೊತೆಗೇ ಇಳಿಯುತ್ತದೆ. ಸಾರಜನಕ ಹಾಗಲ್ಲ, ನೀರಿನಲ್ಲಿ ಕರಗಿರುತ್ತದೆ. ಅದಕ್ಕೆ ಇನ್ನೊಂದು ಉಪಾಯ ಇದೆ, ನನಗೆ ಬಹಳ ಹಿಡಿಸಿದ್ದು ಇದೇ. ಪಾರ್ಕಿಂಗ್ ಪಕ್ಕದ ತಗ್ಗಿನಲ್ಲಿ ಮರಳು ತುಂಬಿ ಗಿಡ ನೆಡುತ್ತಾರೆ. ಅಡಿಯಲ್ಲಿ ತೂತಿನ ಪೈಪು. ಆ ಪೈಪಿನ ತುದಿಗೆ ಎಲ್ಬೋ ಹಾಕಿ ಬಾಯಿಯನ್ನು ಮೇಲಕ್ಕೆ ತಿರುಗಿಸುತ್ತಾರೆ. ಆಗ ತಳದಲ್ಲಿ ಸದಾ ನೀರು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಉಸಿರಾಟಕ್ಕೆ ನೈಟ್ರೇಟನ್ನೇ, ಅಂದರೆ ನೀರಿನಲ್ಲಿ ಕರಗಿದ ಸಾರಜನಕದ ರೂಪವನ್ನೇ ಬಳಸಿಕೊಂಡು ಸಾರಜನಕವನ್ನು ಅನಿಲ ಮಾಡಿ ಮೇಲಕ್ಕೆ ಬಿಟ್ಟುಬಿಡುತ್ತದೆ. ಒಂದು ಎಲ್ಬೋ ಮಾಡುವ ಕೆಲಸ ನೋಡಿ! ಆದರೆ ಆ ಪಾತಿಗೆ ಗೊಬ್ಬರದ ಮಣ್ಣು ಹಾಕುವಂತಿಲ್ಲ. ಹಾಕಿದರೆ ಅದೇ ರಂಜಕ ಸೋರುತ್ತದೆ. ಗೊಬ್ಬರ ಬೇಡ ಅನ್ನುವ ಕೈತೋಟ, ನಮ್ಮ ಅಮ್ಮಂದಿರು ಒಪ್ಪುವುದು ಕಷ್ಟ.

ಇಷ್ಟಾದ ಮೇಲೂ ಲೆಕ್ಕ ಕೂಡದಿದ್ದರೆ ಉಳಿದದ್ದಕ್ಕೆ ದುಡ್ಡು ಕಟ್ಟಬಹುದು. ಆ ದುಡ್ಡಿನಲ್ಲಿ ಬೇರೆ ಕಡೆ, ಹಳ್ಳದ ದಂಡೆಯಲ್ಲಿ ಮರ ಬೆಳೆಸುತ್ತಾರೆ. ಕೆರೆಗೆ ಒಟ್ಟು ಲೆಕ್ಕ ಸರಿಹೋಗಬಹುದು, ಬಡಾವಣೆ ಪಕ್ಕದ ಹಳ್ಳಕ್ಕೆ ಮಾತ್ರ ಏನೂ ಸಿಗಲಿಲ್ಲ. ಪೂರ್ತಿ ದುಡ್ಡಿನಲ್ಲೇ ಮುಗಿಸಲು ನಿಯಮ ಬಿಡುವುದಿಲ್ಲ, ಅದು ಸರಿಯೇ.

ಕ್ಯಾರಿಯವರು ಕುಡಿಯುವುದು ಇನ್ನೊಂದು ಕೆರೆಯ ನೀರು, ಜೋರ್ಡನ್ ಲೇಕ್. ಅದಕ್ಕೂ 2009ರಲ್ಲಿ ನಿಯಮ ಬಂತು. ಆದರೆ ಶಾಸನಸಭೆ ಅದನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿತು. ಬದಲಿಗೆ 2014ರಲ್ಲಿ ಸೋಲಾರ್‌ನಿಂದ ನೀರು ಕಲಕುವ 36 ಯಂತ್ರಗಳನ್ನು ಕೆರೆಗೆ ಇಳಿಸಿದರು. ಪಾಚಿ ಕ್ಯಾರೇ ಅನ್ನಲಿಲ್ಲ. 2016ರಲ್ಲಿ ಯಂತ್ರಗಳನ್ನು ವಾಪಸ್ ಎತ್ತಿದರು. ಮೇಲಿನಿಂದ ಬರುವುದನ್ನು ತಡೆಯದೆ ಕೆರೆಯನ್ನು ಸುಮ್ನೆ ಕಲಕಿದರೆ ಏನಾಗುತ್ತದೆ, ಅಲ್ವಾ?

ಇನ್ನು ಆ ಹೊಂಡದ ಮಾಲೀಕರು ಯಾರು? ಹೆಚ್ಚಿನ ಕಡೆ ಬಿಲ್ಡರ್ ಮನೆ ಮಾರಿ ಹೊರಟ ಮೇಲೆ ಅದು ನಿವಾಸಿಗಳ ಸಂಘದ ಪಾಲಿಗೆ ಬರುತ್ತದೆ. ವರ್ಷ ವರ್ಷ ತಪಾಸಣೆ ಮಾಡಿಸಬೇಕು, ವರದಿ ಕೊಡಬೇಕು, ಹೂಳು ತುಂಬಿದಾಗ ಎತ್ತಿಸಬೇಕು. ಇದು ಎಷ್ಟೋ ಮನೆಯವರಿಗೆ ಗೊತ್ತಾಗುವುದು ದೊಡ್ಡ ಬಿಲ್ ಬಂದಾಗಲೇ. ನಿಯಮದ ದುರ್ಬಲ ಜಾಗ ಇದೇ ಎಂದು ನನಗನ್ನಿಸುತ್ತದೆ. ಹೂಳು ತುಂಬಿದ ಹೊಂಡ ಕಾಗದದಲ್ಲಿ ಮಾತ್ರ ರಂಜಕ ಹಿಡಿಯುತ್ತದೆ. ನಿಮ್ಮ ಮಕ್ಕಳು ಅಲ್ಲಿ ಮನೆ ನೋಡುತ್ತಿದ್ದರೆ ಅಡುಗೆಮನೆ, ಗರಾಜು ನೋಡಿದ ಮೇಲೆ ಸಂಘದವರನ್ನು ಇದೊಂದು ಕೇಳಲಿ: ಹೊಂಡದ ಹೂಳೆತ್ತಲು ಎಷ್ಟು ದುಡ್ಡು ಎತ್ತಿಟ್ಟಿದ್ದೀರಿ?

ನಮಸ್ಕಾರ.