ಬದಲಿ ಟೀಚರ್ ಕೆಲಸಕ್ಕೆ ಜಾಬ್ ಸೈಟ್ ಕಾಯಬೇಡಿ

ನಮಸ್ಕಾರ. ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಕಡೆ ಬದಲಿ ಟೀಚರ್ ಆಗಬೇಕು ಅಂತ ದಿನಾ ಜಾಬ್ ಸೈಟ್ ತೆರೆದು ಕೂತವರನ್ನು ನೋಡಿದರೆ ನನಗೆ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಇದರಲ್ಲಿ ಹೆಚ್ಚಿನ ಕೆಲಸ ಜಾಹೀರಾತಿನ ತನಕ ಬರುವುದೇ ಇಲ್ಲ.

ಯಾಕೆ ಅಂತೀರಾ? ಸಂಜೆ ಆರೂವರೆಗೆ ಕ್ಲಾಸ್. ನಾಲ್ಕು ಗಂಟೆಗೆ ಟೀಚರ್ ಫೋನ್ ಮಾಡಿ, ಜ್ವರ, ಬರೋಕಾಗಲ್ಲ ಅಂತಾರೆ. ಆಗ ಕೋಆರ್ಡಿನೇಟರ್ ಜಾಹೀರಾತು ಬರೆಯುತ್ತಾ ಕೂರುತ್ತಾರಾ? ಗೊತ್ತಿರುವ ನಾಲ್ಕೈದು ಜನಕ್ಕೆ ಮೆಸೇಜ್ ಹಾಕುತ್ತಾರೆ. ಮೊದಲು ಹೂಂ ಅಂದವರಿಗೆ ಕ್ಲಾಸ್. ಆ ನಾಲ್ಕೈದು ಜನರಲ್ಲಿ ನೀವಿರಬೇಕು, ಅಷ್ಟೇ.

ಅದಕ್ಕೆ ಕೋಆರ್ಡಿನೇಟರಿಗೆ ಮೊದಲೇ ಒಂದು ಮೆಸೇಜ್ ಹಾಕಿಡಿ. ಮೂರು ಪುಟದ ರೆಸ್ಯೂಮೆ ಓದುವ ಪುರುಸೊತ್ತು ಅವರಿಗಿಲ್ಲ. ಹೀಗೆ ಬರೆಯಿರಿ: ‘ಮಂಗಳವಾರ, ಗುರುವಾರ ಸಂಜೆ ಐದರ ಮೇಲೆ ಬಿಡುವಿದೆ. ಎ2ರಿಂದ ಬಿ2ವರೆಗೆ ಕಲಿಸಿದ್ದೇನೆ. ಆನ್‌ಲೈನ್ ಆದರೆ ಒಂದು ಗಂಟೆ ಮುಂಚೆ ಹೇಳಿದರೂ ಸಾಕು.’ ಈ ಎ2, ಬಿ2 ಅನ್ನುವುದು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಸಿಇಎಫ್‌ಆರ್ ಹಂತಗಳು, ಅಂದರೆ ಒಬ್ಬರಿಗೆ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಮೆಟ್ಟಿಲುಗಳು. ಎ1ರಿಂದ ಸಿ2ವರೆಗೆ ಒಟ್ಟು ಆರು. ಸುಮ್ನೆ ‘ಬಿಗಿನರ್ಸ್‌ಗೆ ಕಲಿಸುತ್ತೇನೆ’ ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಗುರುತಿನ ಚೀಟಿ, ಬ್ಯಾಂಕ್ ವಿವರ, ಪೊಲೀಸ್ ವೆರಿಫಿಕೇಶನ್ ಕೇಳುವ ಕಡೆ ಅದೂ ಮೊದಲೇ ಕೊಟ್ಟಿಡಿ. ಟೀಚರಿಗೆ ಜ್ವರ ಬಂದ ದಿನ ಇವೆಲ್ಲ ಆಗುವ ಕೆಲಸವಲ್ಲ.

ಸರ್ಟಿಫಿಕೇಟ್ ಬೇಕಾ ಅಂತ ಕೇಳುವವರು ಜಾಸ್ತಿ. ದೊಡ್ಡವರಿಗೆ ಇಂಗ್ಲಿಷ್ ಕಲಿಸಲು ತರಬೇತಿ ಕೊಡುವ ಕೇಂಬ್ರಿಡ್ಜ್‌ನವರ ಸೆಲ್ಟಾ ಕೋರ್ಸ್ ಕಡಿಮೆ ಅಂದರೂ 120 ಗಂಟೆಯದು. ಅದರಲ್ಲಿ 6 ಗಂಟೆ ನಿಜವಾದ ಕ್ಲಾಸಿನಲ್ಲಿ ಪಾಠ ಮಾಡಬೇಕು, ಹಿಂದೆ ಕೂತು ಒಬ್ಬರು ನೋಡುತ್ತಿರುತ್ತಾರೆ. ನನ್ನ ಪ್ರಕಾರ ಅದರ ಬೆಲೆ ಇರುವುದು ಆ 6 ಗಂಟೆಯಲ್ಲೇ. ಮೊದಲ ಸಲ ಕರೆಸಿಕೊಳ್ಳಲು ಅದು ಖಂಡಿತ ಸಹಾಯ ಮಾಡುತ್ತದೆ.

ಎರಡನೇ ಸಲ ಕರೆಸಿಕೊಳ್ಳುವುದು ಬೇರೆಯೇ ವಿಷಯ. ಕ್ಲಾಸಿಗೆ ಬರುವವರು ದಿನವಿಡೀ ದುಡಿದು ಬಂದಿರುತ್ತಾರೆ. ಅವರಿಗೆ ತಮ್ಮ ಟೀಚರ್ ಅಂದರೆ ನಂಬಿಕೆ. ಒಂದು ದಿನಕ್ಕೆ ಬಂದ ನೀವು ‘ಇದೆಲ್ಲ ಹೀಗಲ್ಲ’ ಅಂತ ಹೊಸ ಪದ್ಧತಿ ಶುರು ಮಾಡಿದರೆ ಕೆಟ್ಟಿತು. ಪುಸ್ತಕ ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸಿ. ಎಲ್ಲಿ ನಿಂತಿದೆ ಅಂತ ಹೇಳುವವರೇ ಇಲ್ಲದಿದ್ದರೆ, ಅದೂ ಆಗುತ್ತದೆ, ಪುಸ್ತಕ ಬೇಡದ ಒಂದು ಪಾಠ ಕೈಯಲ್ಲಿರಲಿ. ಒಂದೇ ರೈಲ್ವೆ ವೇಳಾಪಟ್ಟಿಯ ಎರಡು ಪ್ರತಿ ಮಾಡಿ, ಒಂದರಲ್ಲಿ ಕೆಲವು ಸಮಯ ಅಳಿಸಿ, ಇನ್ನೊಂದರಲ್ಲಿ ಬೇರೆ ಕೆಲವನ್ನು ಅಳಿಸಿ. ಇಬ್ಬಿಬ್ಬರು ಕೂತು ಒಬ್ಬರನ್ನೊಬ್ಬರು ಕೇಳಿ ತುಂಬಿಸಲಿ. ಎ2ನವರು ಸಮಯ ಕೇಳಿದರೆ ಸಾಕು. ಬಿ2ನವರು ರೈಲು ತಪ್ಪಿದರೆ ಏನು ಮಾಡುವುದು ಅಂತ ವಾದವನ್ನೇ ಮಾಡಲಿ.

ಮುಗಿದ ಮೇಲೆ ಖಾಯಂ ಟೀಚರಿಗೆ ಒಂದು ಚೀಟಿ ಬರೆದಿಡಿ. ‘ಪುಟ 46 ಮುಗಿದಿದೆ. ಲಿಸನಿಂಗ್‌ಗೆ ಸಮಯ ಸಾಲಲಿಲ್ಲ. ಮೂವರು ಐ ಸಾ ಹಿಮ್ ಅನ್ನುವ ಬದಲು ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ ಅಂದರು, ಒಮ್ಮೆ ನೋಡಿ. ಹೋಮ್‌ವರ್ಕ್ ಕೊಟ್ಟಿಲ್ಲ.’ ಬರೆಯಲು ಐದು ನಿಮಿಷ. ಮರುದಿನ ಆ ಟೀಚರ್ ಕೋಆರ್ಡಿನೇಟರ್ ಹತ್ತಿರ ನಿಮ್ಮ ಬಗ್ಗೆ ಒಳ್ಳೆ ಮಾತಾಡುವುದು ಈ ಚೀಟಿಯಿಂದ. ಎಷ್ಟೋ ಜನ ಇದನ್ನು ಬರೆಯುವುದೇ ಇಲ್ಲ, ಯಾಕೋ.

ಇನ್ನು ದುಡ್ಡು. ಇದನ್ನು ಕೇಳಲು ನಾಚಿಕೆ ಬೇಡ. ಗಂಟೆಗೆ ಎಷ್ಟು, ತಯಾರಿ ಸಮಯವೂ ಸೇರಿತಾ, ಓಡಾಟದ ಖರ್ಚು ಯಾರದು, ನೀವು ಹೊರಟ ಮೇಲೆ ಕ್ಲಾಸ್ ರದ್ದಾದರೆ ಏನು ಕೊಡುತ್ತಾರೆ. ಮೊದಲ ಕ್ಲಾಸಿಗೆ ಮುಂಚೆಯೇ ಕೇಳಿ, ಉತ್ತರ ಮೆಸೇಜಿನಲ್ಲೇ ಬರಲಿ. ಒಂದೂವರೆ ಗಂಟೆ ಪಾಠಕ್ಕೆ ಎರಡು ಗಂಟೆ ತಯಾರಿ, ಮೇಲೆ ಒಂದು ಗಂಟೆ ಬಸ್ಸು ಅಂದರೆ ಕೈಗೆ ಉಳಿಯುವುದೆಷ್ಟು ಅಂತ ನೀವೇ ಲೆಕ್ಕ ಹಾಕಿ. ಇಷ್ಟು ಕೇಳಿದ್ದಕ್ಕೇ ಮುಖ ಗಂಟು ಹಾಕಿಕೊಳ್ಳುವ ಕಡೆಯಾದರೆ, ಆ ಕ್ಲಾಸ್ ಬೇರೆಯವರಿಗೇ ಹೋಗಲಿ ಬಿಡಿ.